ಹಸಿದವರೇ ಉತ್ತ ಹೊಲ

ಹಣವನ್ನು ಸಾಲ ಕೊಡುವ ಬ್ಯಾಂಕು ಎಲ್ಲರಿಗೂ ಗೊತ್ತು. ಹಂದಿಯನ್ನು ಸಾಲ ಕೊಡುವ ಬ್ಯಾಂಕೊಂದು ಅಮೆರಿಕದಲ್ಲಿತ್ತು ಎಂದರೆ ಬಹಳ ಮಂದಿ ನಂಬಲಾರರು. ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಸನ್‌ಫ್ಲವರ್ ಕೌಂಟಿಯಲ್ಲಿ 1960ರ ದಶಕದ ಕೊನೆಯಲ್ಲಿ ಇಂಥದೊಂದು ಬ್ಯಾಂಕು ಆರಂಭವಾಯಿತು. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಲ್ಲಿನ ಬಡ ಕುಟುಂಬವೊಂದು ಬ್ಯಾಂಕಿನಿಂದ ಗಬ್ಬದ ಹಂದಿಯೊಂದನ್ನು ಮನೆಗೆ ಒಯ್ಯುತ್ತಿತ್ತು. ಅದು ಮರಿ ಹಾಕಿದ ಮೇಲೆ ಎರಡು ಮರಿಗಳು ಬ್ಯಾಂಕಿಗೆ, ಉಳಿದವು ಸಾಕಿದವರಿಗೆ. ಬ್ಯಾಂಕಿಗೆ ಬಂದ ಮರಿ ಬೆಳೆದು ಇನ್ನೊಂದು ಮನೆಗೆ ಹೋಗುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಹಸು, ಕುರಿಗಳನ್ನು ಪಾಲಿಗೆ ಕೊಟ್ಟು ಸಾಕಿಸುವ ರೂಢಿಯನ್ನು ಬಲ್ಲವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಆದರೆ ಮಿಸಿಸಿಪ್ಪಿಯ ಈ ಹಂದಿ ಬ್ಯಾಂಕಿನ ಹಿಂದೆ ಇದ್ದದ್ದು ಬರೀ ಮಾಂಸದ ಲೆಕ್ಕವಲ್ಲ. ಮತ ಹಾಕುವ ಹಕ್ಕಿಗಾಗಿ ಕಪ್ಪು ಜನರು ನಡೆಸಿದ ಹೋರಾಟದ ಒಂದು ಅಧ್ಯಾಯ ಅದರಲ್ಲಿತ್ತು. ಆ ಅಧ್ಯಾಯವನ್ನು ಬರೆದವರು ಹತ್ತಿ ಬಿಡಿಸುವ ಕೂಲಿಯಾಗಿದ್ದ ಫ್ಯಾನಿ ಲೂ ಹೇಮರ್. ಹಂದಿ ಬ್ಯಾಂಕಿನ ಬೆನ್ನಿಗೇ ಅವರು ಕಟ್ಟಿದ ‘ಫ್ರೀಡಂ ಫಾರ್ಮ್’ ಎಂಬ ಸಮುದಾಯದ ಹೊಲ ಏಳೆಂಟು ವರ್ಷ ಬಾಳಿ, ಕಂತು ಕಟ್ಟಲಾಗದೆ ಕೈಬಿಟ್ಟುಹೋಯಿತು. ಹಸಿದವರಿಗಾಗಿ ಬೆಳೆ ಬೆಳೆಯುವ, ಸ್ವಯಂಸೇವಕರು ದುಡಿಯುವ ಹೊಲಗಳು ಅಮೆರಿಕದ ಊರೂರಲ್ಲಿ ಕಾಣುವ ಈ ಕಾಲದಲ್ಲಿ, ಸೋತ ಆ ಹೊಲದ ಕಥೆಯನ್ನು ಮತ್ತೆ ಮತ್ತೆ ನೆನೆಯಲಾಗುತ್ತಿದೆ. ಏಕೆ ಎಂಬುದನ್ನು ತಿಳಿಯಲು ಆ ನಾಡಿನ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು.

ಹತ್ತಿಯ ನಾಡು

ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಬಯಲು ಪ್ರದೇಶವನ್ನು ‘ಡೆಲ್ಟಾ’ ಎಂದು ಕರೆಯುತ್ತಾರೆ. ನದಿ ತಂದು ಹಾಸಿದ ಕಪ್ಪು ಮಣ್ಣು. ಜಗತ್ತಿನ ಫಲವತ್ತಾದ ನೆಲಗಳಲ್ಲಿ ಇದೂ ಒಂದು. ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಭೂಮಿ ಮಾತ್ರ ಬಿಳಿಯ ಜಮೀನ್ದಾರರ ಕೈಯಲ್ಲೇ ಉಳಿಯಿತು. ಬಿಡುಗಡೆ ಹೊಂದಿದ ಕಪ್ಪು ಜನ ಅದೇ ಹೊಲಗಳಲ್ಲಿ ಪಾಲಿಗೆ ಸಾಗುವಳಿ ಮಾಡತೊಡಗಿದರು. ಬಿತ್ತನೆ ಬೀಜ, ಉಪಕರಣ, ಮನೆಗೆ ಬೇಕಾದ ಹಿಟ್ಟು ಎಲ್ಲವೂ ಧಣಿಯಿಂದಲೇ ಸಾಲವಾಗಿ ಬರುತ್ತಿದ್ದವು. ವರ್ಷದ ಕೊನೆಗೆ ಲೆಕ್ಕ ನೋಡುವವನೂ ಧಣಿಯೇ. ಬೆಳೆದವನ ಪಾಲು ಸಾಲಕ್ಕೆ ಜಮಾ ಆಗಿ, ಬಹಳಷ್ಟು ಮಂದಿಗೆ ಕೈಗೆ ಏನೂ ಬರುತ್ತಿರಲಿಲ್ಲ.

ಫ್ಯಾನಿ ಲೂ ಹೇಮರ್ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು, ಇಂಥದೇ ಒಂದು ಕುಟುಂಬದ 20 ಮಕ್ಕಳಲ್ಲಿ ಕಿರಿಯವರಾಗಿ. ಆರನೆಯ ವಯಸ್ಸಿಗೇ ಹತ್ತಿ ಬಿಡಿಸುವ ಕೆಲಸಕ್ಕೆ ಇಳಿದರು. ಅವರ ತಂದೆ ವರ್ಷಗಟ್ಟಲೆ ಕಾಸು ಕೂಡಿಸಿ ಹೇಸರಗತ್ತೆಗಳನ್ನೂ ಹಸುಗಳನ್ನೂ ಕೊಂಡು, ಸ್ವಂತವಾಗಿ ಗೇಣಿಗೆ ಭೂಮಿ ಹಿಡಿಯುವ ಹಂತಕ್ಕೆ ಬಂದಿದ್ದರು. ಆಗ ಯಾರೋ ಮೇವಿನಲ್ಲಿ ವಿಷ ಬೆರೆಸಿ ಆ ಪ್ರಾಣಿಗಳನ್ನು ಕೊಂದರು. ಕುಟುಂಬ ಮತ್ತೆ ಮೊದಲಿನ ಸ್ಥಿತಿಗೇ ಬಂತು. ಕಪ್ಪು ಜನ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಸಹಿಸದ ವ್ಯವಸ್ಥೆ ಎಂಥದು ಎಂಬ ಮೊದಲ ಪಾಠ ಅದು. ಮುಂದೆ ಭೂಮಿಯ ವಿಷಯ ಮಾತಾಡುವಾಗಲೆಲ್ಲ ಹೇಮರ್ ಅವರಿಗೆ ಈ ಘಟನೆ ನೆನಪಾಗುತ್ತಿತ್ತು.

ಮದುವೆಯಾದ ಮೇಲೆ ಹೇಮರ್ ರೂಲ್‌ವಿಲ್ ಎಂಬ ಸಣ್ಣ ಊರಿನ ಹತ್ತಿರದ ತೋಟವೊಂದರಲ್ಲಿ ನೆಲೆಸಿದರು. ಅಷ್ಟಿಷ್ಟು ಓದು ಬರಹ ಬಲ್ಲವರಾದ್ದರಿಂದ ಕೂಲಿಗಳ ಹಾಜರಿ ಮತ್ತು ಹತ್ತಿಯ ತೂಕ ಬರೆಯುವ ಕೆಲಸ ಅವರದಾಯಿತು. ಹದಿನೆಂಟು ವರ್ಷ ಅವರು ಅಲ್ಲಿ ದುಡಿದರು.

ಮತದ ಅರ್ಜಿ, ಮನೆಯಿಂದ ಹೊರಗೆ

1962ರ ಆಗಸ್ಟ್ 31ರಂದು ಹೇಮರ್ ಸೇರಿದಂತೆ 18 ಮಂದಿ ರೂಲ್‌ವಿಲ್‌ನಿಂದ ಬಸ್ಸಿನಲ್ಲಿ ಕೌಂಟಿ ಕೇಂದ್ರವಾದ ಇಂಡಿಯನೋಲಾಕ್ಕೆ ಹೊರಟರು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವುದು ಉದ್ದೇಶ. ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪು ಜನರೇ ಹೆಚ್ಚು. ಆದರೆ ಅವರಲ್ಲಿ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಹೆಸರು ಬರೆಸಲು ಪರೀಕ್ಷೆ ಪಾಸಾಗಬೇಕಿತ್ತು. ರಾಜ್ಯ ಸಂವಿಧಾನದ ಯಾವುದೋ ಒಂದು ಕಲಮನ್ನು ನಕಲು ಮಾಡಿ ಅರ್ಥ ಬರೆಯಬೇಕು. ಉತ್ತರ ಸರಿಯೋ ತಪ್ಪೋ ಎಂದು ಹೇಳುವುದು ಗುಮಾಸ್ತನ ಮರ್ಜಿ.

ಅಂದು ಯಾರ ಹೆಸರೂ ಪಟ್ಟಿಗೆ ಸೇರಲಿಲ್ಲ. ಹಿಂತಿರುಗುವಾಗ ಪೊಲೀಸರು ಬಸ್ಸನ್ನು ತಡೆದು ಚಾಲಕನಿಗೆ ದಂಡ ಹಾಕಿದರು. ಬಸ್ಸಿನ ಹಳದಿ ಬಣ್ಣ ಶಾಲಾ ಬಸ್ಸನ್ನು ಹೋಲುತ್ತದೆ ಎಂಬುದು ಆರೋಪ. ಅದೇ ಬಸ್ಸು ಅಷ್ಟು ದಿನ ಹತ್ತಿ ಕೂಲಿಗಳನ್ನು ಹೊತ್ತು ತಿರುಗಿದಾಗ ಯಾರಿಗೂ ಆ ಬಣ್ಣ ಕಂಡಿರಲಿಲ್ಲ.

ಸಂಜೆ ಮನೆ ಸೇರುವಷ್ಟರಲ್ಲಿ ಸುದ್ದಿ ಧಣಿಗೆ ಮುಟ್ಟಿತ್ತು. ಅರ್ಜಿ ಹಿಂತೆಗೆದುಕೊಳ್ಳಬೇಕು, ಇಲ್ಲವೇ ತೋಟ ಬಿಡಬೇಕು ಎಂಬ ಆಜ್ಞೆಯಾಯಿತು. ಹೇಮರ್ ಅದೇ ರಾತ್ರಿ ಹೊರಟರು. ಹದಿನೆಂಟು ವರ್ಷದ ದುಡಿಮೆ, ತಲೆಯ ಮೇಲಿನ ಸೂರು ಎಲ್ಲ ಒಂದೇ ದಿನದಲ್ಲಿ ಹೋಯಿತು. ಪಟ್ಟು ಬಿಡದೆ ಮತ್ತೆ ಪರೀಕ್ಷೆಗೆ ಕುಳಿತ ಅವರು 1963ರ ಜನವರಿಯಲ್ಲಿ ಪಾಸಾದರು. ಅದೇ ವರ್ಷ ಜೂನ್‌ನಲ್ಲಿ ವಿನೋನಾ ಎಂಬ ಊರಿನ ಜೈಲಿನಲ್ಲಿ ಅವರನ್ನು ಬರ್ಬರವಾಗಿ ಹೊಡೆಯಲಾಯಿತು. ಆ ಏಟಿನ ಪರಿಣಾಮವನ್ನು ಅವರ ದೇಹ ಕೊನೆಯವರೆಗೂ ಅನುಭವಿಸಿತು. 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಇದನ್ನೆಲ್ಲ ಅವರು ಸಮಿತಿಯ ಮುಂದೆ ಹೇಳಿದಾಗ ಟೆಲಿವಿಷನ್ ಮೂಲಕ ಇಡೀ ದೇಶ ಕೇಳಿಸಿಕೊಂಡಿತು. ಮರುವರ್ಷ, ಅಂದರೆ 1965ರಲ್ಲಿ, ಮತದಾನದ ಹಕ್ಕಿನ ಕಾಯಿದೆ ಬಂತು.

ಇತಿಹಾಸದ ಪುಸ್ತಕಗಳಲ್ಲಿ ಹೇಮರ್ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಹೊಲದ ಕಥೆ ಶುರುವಾಗುವುದು ಇಲ್ಲಿಂದ ಮುಂದೆ.

ಅನ್ನವೇ ಅಸ್ತ್ರ

ಕಾಯಿದೆ ಬಂದರೂ ಹೊಟ್ಟೆಯ ಪ್ರಶ್ನೆ ಹಾಗೇ ಉಳಿದಿತ್ತು. ಹಸಿವನ್ನು ಹೇಗೆ ಅಸ್ತ್ರವಾಗಿ ಬಳಸಬಹುದು ಎಂಬುದನ್ನು ಡೆಲ್ಟಾದ ಜನ ಆಗಲೇ ಕಂಡಿದ್ದರು. ಕೇಂದ್ರ ಸರ್ಕಾರ ಬಡವರಿಗಾಗಿ ಹಿಟ್ಟು, ಅಕ್ಕಿ, ಹಾಲಿನ ಪುಡಿ ಮುಂತಾದವನ್ನು ಕಳುಹಿಸುತ್ತಿತ್ತು. ಅದನ್ನು ಹಂಚುವ ಅಧಿಕಾರ ಮಾತ್ರ ಕೌಂಟಿಯ ಆಡಳಿತ ಮಂಡಳಿಯದು. ಹೊಲದಲ್ಲಿ ಕೆಲಸ ಇಲ್ಲದ ಚಳಿಗಾಲದಲ್ಲಿ ಸಾವಿರಾರು ಕುಟುಂಬಗಳು ಈ ಪಡಿಯಿಂದಲೇ ಬದುಕುತ್ತಿದ್ದವು. 1962ರ ಕೊನೆಯಲ್ಲಿ ಸನ್‌ಫ್ಲವರ್‌ಗೆ ಹೊಂದಿಕೊಂಡ ಲೆಫ್ಲೋರ್ ಕೌಂಟಿಯ ಮಂಡಳಿ ಈ ಹಂಚಿಕೆಯನ್ನು ನಿಲ್ಲಿಸಿತು. 20 ಸಾವಿರಕ್ಕೂ ಹೆಚ್ಚು ಜನರ ಪಡಿ ಹೋಯಿತು. ಅವರಲ್ಲಿ ಬಹುಪಾಲು ಕಪ್ಪು ಜನ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಚಳವಳಿ ಆ ಕೌಂಟಿಯಲ್ಲಿ ಚುರುಕಾದಾಗಲೇ ಹೀಗಾದದ್ದು ಆಕಸ್ಮಿಕವೆಂದು ಅಲ್ಲಿ ಯಾರೂ ಭಾವಿಸಲಿಲ್ಲ.

ಆಗ ಉತ್ತರದ ನಗರಗಳಿಂದ ಸ್ವಯಂಸೇವಕರು ಆಹಾರ, ಬಟ್ಟೆ ಸಂಗ್ರಹಿಸಿ ಕಳುಹಿಸಿದರು. ಹಾಸ್ಯ ಕಲಾವಿದ ಡಿಕ್ ಗ್ರೆಗರಿ 1963ರ ಫೆಬ್ರುವರಿಯಲ್ಲಿ ವಿಮಾನವೊಂದನ್ನು ಬಾಡಿಗೆಗೆ ಹಿಡಿದು ಷಿಕಾಗೋದಿಂದ ಆರು ಟನ್ನಿಗೂ ಹೆಚ್ಚು ಆಹಾರ ತಂದರು. ಪಡಿ ಪಡೆಯಲು ಬಂದವರು ಹಾಗೇ ಮತದಾರರ ಪಟ್ಟಿಯ ಕಚೇರಿಗೂ ಸಾಲುಗಟ್ಟಿದರು. ಹೆದರಿಸಲು ಹೂಡಿದ ಉಪಾಯ ತಿರುಗುಬಾಣವಾಯಿತು. ಆದರೆ ದೂರದ ಊರಿನ ದಾನ ಎಷ್ಟು ದಿನ ಬಂದೀತು?

ಮುಂದಿನ ಹೊಡೆತ ಬೇರೆ ದಿಕ್ಕಿನಿಂದ ಬಂತು. ಹತ್ತಿ ಬಿಡಿಸುವ ಯಂತ್ರ, ಕಳೆ ಕೊಲ್ಲುವ ರಾಸಾಯನಿಕ ಎರಡೂ ಡೆಲ್ಟಾವನ್ನು ಪ್ರವೇಶಿಸಿದ್ದವು. 1967ರ ಫೆಬ್ರುವರಿಯಲ್ಲಿ ಕೃಷಿ ಕೂಲಿಗಳಿಗೂ ಗಂಟೆಗೆ ಒಂದು ಡಾಲರ್ ಕನಿಷ್ಠ ವೇತನ ಜಾರಿಗೆ ಬಂತು. ಅದುವರೆಗೆ ದಿನವಿಡೀ ಕಳೆ ತೆಗೆದರೆ ಸಿಗುತ್ತಿದ್ದುದು ಸುಮಾರು ಮೂರು ಡಾಲರ್. ಕೂಲಿ ಹೆಚ್ಚಿಸುವ ಬದಲು ಜಮೀನ್ದಾರರು ಕೂಲಿಗಳನ್ನೇ ಬಿಟ್ಟು ಯಂತ್ರಗಳನ್ನು ತಂದರು. ಜನರ ಒಳಿತಿಗೆಂದು ಬಂದ ಕಾನೂನು ಜನರ ಕೆಲಸವನ್ನೇ ಕಳೆಯಿತು. ಇದೇ ಸಮಯಕ್ಕೆ ಹಲವು ಕೌಂಟಿಗಳಲ್ಲಿ ಉಚಿತ ಪಡಿ ನಿಂತು ‘ಫುಡ್ ಸ್ಟಾಂಪ್’ ಪದ್ಧತಿ ಬಂತು. ಈ ಚೀಟಿಗಳನ್ನು ಅಂಗಡಿಯಲ್ಲಿ ಕೊಟ್ಟು ಆಹಾರ ಪಡೆಯಬಹುದಿತ್ತು. ಆದರೆ ಆಗಿನ ನಿಯಮದಂತೆ ಚೀಟಿಯನ್ನೇ ಮೊದಲು ಒಂದಿಷ್ಟು ಹಣ ಕೊಟ್ಟು ಕೊಳ್ಳಬೇಕು. ಕೆಲಸವೇ ಇಲ್ಲದವರಲ್ಲಿ ಆ ಹಣವೂ ಇರಲಿಲ್ಲ.

1967ರ ಏಪ್ರಿಲ್‌ನಲ್ಲಿ ಸೆನೆಟರುಗಳಾದ ರಾಬರ್ಟ್ ಕೆನಡಿ ಮತ್ತು ಜೋಸೆಫ್ ಕ್ಲಾರ್ಕ್ ಡೆಲ್ಟಾಕ್ಕೆ ಬಂದು ಗುಡಿಸಲುಗಳನ್ನು ಹೊಕ್ಕು ನೋಡಿದರು. ಅನ್ನವಿಲ್ಲದೆ ಸೊರಗಿದ ಮಕ್ಕಳ ವಿಷಯ ಪತ್ರಿಕೆಗಳಲ್ಲಿ ಬಂದು ದೇಶ ದಂಗಾಯಿತು. ಜಗತ್ತಿಗೆಲ್ಲ ಗೋಧಿ ಕಳುಹಿಸುತ್ತಿದ್ದ ದೇಶ ಅದು. ಇನ್ನೊಂದು ವೈಪರೀತ್ಯವನ್ನೂ ಗಮನಿಸಬೇಕು. ಸನ್‌ಫ್ಲವರ್ ಕೌಂಟಿಯವರೇ ಆದ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರಿಗೆ ಅಲ್ಲಿ ಸಾವಿರಾರು ಎಕರೆಯ ಹತ್ತಿ ತೋಟವಿತ್ತು. ಬೆಳೆ ಕಡಿಮೆ ಮಾಡಿ ಬೆಲೆ ಕಾಯುವ ಸರ್ಕಾರಿ ಯೋಜನೆಯಡಿ ಆ ತೋಟಕ್ಕೆ ವರ್ಷಕ್ಕೆ ಲಕ್ಷ ಡಾಲರ್‌ಗೂ ಹೆಚ್ಚು ಸಹಾಯಧನ ಬರುತ್ತಿತ್ತು.

ನಲವತ್ತು ಎಕರೆ

ಈ ಸ್ಥಿತಿಯಲ್ಲಿ ಹೇಮರ್ ಕಂಡುಕೊಂಡ ಸತ್ಯ ಸರಳವಾದದ್ದು. ಮತ ಹಾಕಿದವನನ್ನು ಹಸಿವಿನಿಂದ ಬಗ್ಗಿಸಬಹುದಾದರೆ ಮತದ ಹಕ್ಕು ಕಾಗದದ ಮೇಲಿನ ಹಕ್ಕು. ಚಳಿಗಾಲಕ್ಕೆಂದು ಸೊಪ್ಪು, ಬೆಂಡೆಕಾಯಿ ಸಾರುಗಳನ್ನು ಡಬ್ಬಿಗಳಲ್ಲಿ ತುಂಬಿಟ್ಟುಕೊಂಡವರನ್ನು ಯಾರೂ ಹೆದರಿಸಲಾರರು ಎಂದು ಅವರು ಹೇಳುತ್ತಿದ್ದರು.

ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆಯಾದ ‘ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್’ ಅಧ್ಯಕ್ಷೆ ಡೊರೊಥಿ ಹೈಟ್ ಅವರ ನೆರವಿನಿಂದ ಹಂದಿ ಬ್ಯಾಂಕು ಮೊದಲು ಆರಂಭವಾಯಿತು. ಕೆಲವೇ ಹತ್ತು ಹಂದಿಗಳಿಂದ ಶುರುವಾದದ್ದು ಕೆಲವು ವರ್ಷಗಳಲ್ಲಿ ನೂರಾರು ಕುಟುಂಬಗಳನ್ನು ಮುಟ್ಟಿತು. 1969ರಲ್ಲಿ 40 ಎಕರೆ ಭೂಮಿ ಕೊಂಡು ‘ಫ್ರೀಡಂ ಫಾರ್ಮ್ ಕೋಆಪರೇಟಿವ್’ ಸ್ಥಾಪನೆಯಾಯಿತು. ನಲವತ್ತು ಎಕರೆ ಎಂಬ ಅಂಕಿಗೆ ಕಪ್ಪು ಜನರ ನೆನಪಿನಲ್ಲಿ ವಿಶೇಷ ಅರ್ಥವಿದೆ. ಅಂತರ್ಯುದ್ಧದ ಕೊನೆಯಲ್ಲಿ, 1865ರಲ್ಲಿ, ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ 40 ಎಕರೆಯವರೆಗೆ ಭೂಮಿ ಕೊಡುವ ಸೇನಾ ಆದೇಶವೊಂದು ಹೊರಟಿತ್ತು. ಅದೇ ವರ್ಷ ಸರ್ಕಾರ ಅದನ್ನು ರದ್ದುಪಡಿಸಿ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿತು. ಒಂದು ಶತಮಾನದ ನಂತರ ಅಷ್ಟೇ ಭೂಮಿಯನ್ನು ಜನ ತಾವೇ ಕೊಂಡರು.

ಹೊಲದಲ್ಲಿ ಕೋಸಿನ ಜಾತಿಯ ಸೊಪ್ಪುಗಳು, ಬೆಂಡೆ, ಅಲಸಂದೆ, ಬೀನ್ಸ್, ಗೆಣಸು, ಟೊಮ್ಯಾಟೊ, ಮುಸುಕಿನ ಜೋಳ ಬೆಳೆದವು. ಸದಸ್ಯತ್ವದ ಶುಲ್ಕ ತಿಂಗಳಿಗೆ ಒಂದು ಡಾಲರ್. ಆದರೆ ಆ ಒಂದು ಡಾಲರ್ ಕೊಡಬಲ್ಲ ಕುಟುಂಬಗಳೇ ಕೆಲವು. ಕೊಡಲಾಗದವರನ್ನು ಹೊಲ ಹೊರಗಿಡಲಿಲ್ಲ. ಬಂದು ದುಡಿದವರು ತರಕಾರಿ ಒಯ್ದರು. ದುಡಿಯಲಾರದ ಮುದುಕರಿಗೂ ರೋಗಿಗಳಿಗೂ ಪಾಲು ಹೋಯಿತು. ಕಷ್ಟದಲ್ಲಿದ್ದ ಬಿಳಿಯ ಕುಟುಂಬಗಳಿಗೂ ಇಲ್ಲ ಎನ್ನಲಿಲ್ಲ. ಹಸಿವಿಗೆ ಬಣ್ಣವಿಲ್ಲ ಎಂಬ ನಿಲುವನ್ನು ಹೇಮರ್ ಬಿಡಲಿಲ್ಲ.

ಹಣ ಬಂದದ್ದು ಹೊರಗಿನಿಂದ. ಗಾಯಕ ಹ್ಯಾರಿ ಬೆಲಫಾಂಟೆ ದೇಶದ ಜನರಿಗೆ ಮನವಿ ಪತ್ರ ಬರೆದರು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ‘ಮೆಷರ್ ಫಾರ್ ಮೆಷರ್’ ಎಂಬ ಸೇವಾ ಸಂಸ್ಥೆ ಬೆನ್ನಿಗೆ ನಿಂತಿತು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಹಸಿವಿನ ವಿರುದ್ಧ ಮೈಲುಗಟ್ಟಲೆ ನಡೆದು, ನಡೆದ ಮೈಲಿಗೆ ಇಷ್ಟೆಂದು ಜನರಿಂದ ದೇಣಿಗೆ ಪಡೆದು ಕೊಟ್ಟರು. ಹೇಮರ್ ಊರೂರು ತಿರುಗಿ ಭಾಷಣ ಮಾಡಿ, ಬಂದದ್ದನ್ನು ಹೊಲಕ್ಕೆ ಹಾಕಿದರು. ಹೀಗೆ 640 ಎಕರೆ ಹೆಚ್ಚುವರಿ ಭೂಮಿ ಕೊಳ್ಳುವುದು ಸಾಧ್ಯವಾಗಿ, 1971ರ ಹೊತ್ತಿಗೆ ಹೊಲ ಸುಮಾರು 680 ಎಕರೆಗೆ ಬೆಳೆಯಿತು. ಒಂದು ಭಾಗದಲ್ಲಿ ಊಟದ ಬೆಳೆ, ಉಳಿದ ಭಾಗದಲ್ಲಿ ಸಾಲದ ಕಂತು ತುಂಬಲು ಹತ್ತಿ ಮತ್ತು ಸೋಯಾ. ತೋಟಗಳಿಂದ ಹೊರದೂಡಲ್ಪಟ್ಟವರಿಗೆ ಸರ್ಕಾರಿ ಸಾಲ ಕೊಡಿಸಿ ಮನೆ ಕಟ್ಟಿಸುವ ಕೆಲಸವೂ ನಡೆಯಿತು. ಹತ್ತಾರು ಕುಟುಂಬಗಳು ಮೊದಲ ಬಾರಿಗೆ ನಲ್ಲಿ, ಶೌಚಾಲಯ ಇರುವ ಸ್ವಂತ ಮನೆ ಕಂಡವು.

ಡೆಟ್ರಾಯಿಟ್‌ನ ಆಲೂಗಡ್ಡೆ

ಹಸಿದವರಿಗಾಗಿ ಹೊಲ ಮಾಡುವ ಪ್ರಯತ್ನ ಅಮೆರಿಕದಲ್ಲಿ ಇದೇ ಮೊದಲೇನಲ್ಲ. ಸುಮಾರು ಮುಕ್ಕಾಲು ಶತಮಾನದ ಹಿಂದೆ ಉತ್ತರದ ಡೆಟ್ರಾಯಿಟ್ ನಗರದಲ್ಲಿ ನಡೆದ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಫ್ರೀಡಂ ಫಾರ್ಮ್‌ನ ವೈಶಿಷ್ಟ್ಯ ತಿಳಿಯುತ್ತದೆ.

1893ರ ಆರ್ಥಿಕ ಕುಸಿತದಲ್ಲಿ ಡೆಟ್ರಾಯಿಟ್‌ನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ನಗರದ ಮೇಯರ್ ಹೇಜನ್ ಪಿಂಗ್ರಿ ಒಂದು ಉಪಾಯ ಮಾಡಿದರು. ನಗರದ ಅಂಚಿನಲ್ಲಿ ಖಾಲಿ ಬಿದ್ದ ನಿವೇಶನಗಳನ್ನು ಮಾಲೀಕರಿಂದ ಎರವಲು ಪಡೆದು, ಬಡ ಕುಟುಂಬಗಳಿಗೆ ಆಲೂಗಡ್ಡೆ, ಬೀನ್ಸ್ ಬೆಳೆಯಲು ಹಂಚಿದರು. ಬೀಜಕ್ಕೂ ಉಳುಮೆಗೂ ಹಣ ಸಾಲದಾದಾಗ ತಮ್ಮ ಕುದುರೆಯನ್ನೇ ಹರಾಜು ಹಾಕಿದರು. ಪತ್ರಿಕೆಗಳು ‘ಆಲೂಗಡ್ಡೆ ಪಿಂಗ್ರಿ’ ಎಂದು ಗೇಲಿ ಮಾಡಿದವು. ಆದರೆ 1894ರ ಮೊದಲ ವರ್ಷವೇ ಸುಮಾರು 430 ಎಕರೆಯಲ್ಲಿ 900ಕ್ಕೂ ಹೆಚ್ಚು ಕುಟುಂಬಗಳು ಬೆಳೆ ತೆಗೆದವು. ಹಾಕಿದ ಹಣಕ್ಕಿಂತ ಹಲವು ಪಟ್ಟು ಬೆಲೆಯ ಫಸಲು ಬಂತು. ಬೇರೆ ನಗರಗಳೂ ಈ ಯೋಜನೆಯನ್ನು ಅನುಸರಿಸಿದವು.

ಪಿಂಗ್ರಿ ಯೋಜನೆಯಲ್ಲಿ ದುಡಿಮೆ ಬಡವರದು, ಫಸಲೂ ಬಡವರದು. ನೆಲ ಮಾತ್ರ ಎರವಲು. ಕಾರ್ಖಾನೆಗಳು ಮತ್ತೆ ತೆರೆದವು, ನಿವೇಶನಗಳಿಗೆ ಬೆಲೆ ಬಂತು, ಹೊಲಗಳು ಮಾಯವಾದವು. ನಗರದ ಕಾರ್ಮಿಕನಿಗೆ ಅದರಿಂದ ದೊಡ್ಡ ನಷ್ಟವಾಗಲಿಲ್ಲ. ಅವನಿಗೆ ಮರಳಲು ಕಾರ್ಖಾನೆಯಿತ್ತು. ಡೆಲ್ಟಾದ ಕೂಲಿಗೆ ಮರಳಲು ಹತ್ತಿ ತೋಟವೂ ಉಳಿದಿರಲಿಲ್ಲ. ಅದಕ್ಕೇ ಹೇಮರ್ ಎರವಲು ನೆಲವನ್ನು ಒಪ್ಪದೆ ಕ್ರಯಕ್ಕೆ ಕೊಳ್ಳುವ ಹಾದಿ ಹಿಡಿದರು. ಅವರ ಯೋಜನೆಯ ಬಲವೂ ಅದೇ, ದೌರ್ಬಲ್ಯವೂ ಅದೇ.

ಕೈಬಿಟ್ಟ ಭೂಮಿ

ಕೊಂಡ ಭೂಮಿಗೆ ಕಂತು ಕಟ್ಟಬೇಕು, ಕಂದಾಯ ಕಟ್ಟಬೇಕು. ಅದಕ್ಕೆ ಹತ್ತಿ, ಸೋಯಾ ಚೆನ್ನಾಗಿ ಬೆಳೆದು ಹೊತ್ತಿಗೆ ಸರಿಯಾಗಿ ಕಟಾವಾಗಬೇಕು. ತರಕಾರಿ ಬೆಳೆಯಲು ಸ್ವಯಂಸೇವೆ ಸಾಕಾಗಬಹುದು. ನೂರಾರು ಎಕರೆಯ ಹತ್ತಿಗೆ ಟ್ರ್ಯಾಕ್ಟರು, ಎಣ್ಣೆ, ಕೂಲಿ ಎಲ್ಲಕ್ಕೂ ನಗದು ಬೇಕು. ಹೊಲದ ಸದಸ್ಯರೋ ದಿನದ ಕೂಲಿ ಸಿಕ್ಕರೆ ಬಿಡಲಾಗದ ಸ್ಥಿತಿಯವರು. ದೂರದ ವಿದ್ಯಾರ್ಥಿಗಳು ನಡೆದು ದೇಣಿಗೆ ಕೂಡಿಸಿ ಕೊಡಬಲ್ಲರು, ಪ್ರತಿ ವರ್ಷ ಕಳೆ ತೆಗೆಯಲು ಬರಲಾರರು.

ಪ್ರಕೃತಿಯೂ ಮುನಿಯಿತು. 1971ರ ಫೆಬ್ರುವರಿಯಲ್ಲಿ ಭೀಕರ ಸುಂಟರಗಾಳಿ ಸನ್‌ಫ್ಲವರ್ ಕೌಂಟಿಯ ಇನ್‌ವರ್ನೆಸ್ ಊರನ್ನು ನೆಲಸಮ ಮಾಡಿತು. ಸಹಾಯ ಬೇಡುವವರ ಸಂಖ್ಯೆ ಏರಿತು. ನಂತರದ ವರ್ಷಗಳಲ್ಲಿ ಒಮ್ಮೆ ಮಳೆಯಿಲ್ಲ, ಒಮ್ಮೆ ಅತಿವೃಷ್ಟಿ. 1973ರಲ್ಲಿ ಮಿಸಿಸಿಪ್ಪಿ ನದಿಯ ಮಹಾಪ್ರವಾಹ ಬಂತು. ನಗದು ಬೆಳೆಗಳು ಕೈಕೊಟ್ಟವು. ಬಂದ ದೇಣಿಗೆ ಭೂಮಿಯ ಕಂತಿಗೆ ಹೋಗುವ ಬದಲು ಯಾರದೋ ಔಷಧಿಗೆ, ಯಾರದೋ ಬಾಡಿಗೆಗೆ ಹೋದದ್ದೂ ಉಂಟು. ಎದುರಿಗೆ ನಿಂತು ಬೇಡುವವರಿಗೆ ಇಲ್ಲ ಎನ್ನುವುದು ಹೇಮರ್ ಸ್ವಭಾವವಾಗಿರಲಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಇದು ತಪ್ಪೆಂದು ಟೀಕಿಸಿದವರಿದ್ದಾರೆ. ಆದರೆ ಅವರ ಬಾಗಿಲಿಗೆ ಬಂದವರಿಗೆ ಬೇರೆ ಬಾಗಿಲು ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

1974ರಲ್ಲಿ ಹೊಲದ ವ್ಯವಹಾರ ನೋಡಿಕೊಳ್ಳುತ್ತಿದ್ದ ಜೋ ಹ್ಯಾರಿಸ್ ತೀರಿಕೊಂಡರು. ಹೇಮರ್ ಅವರ ಆರೋಗ್ಯ ಅದಾಗಲೇ ಕುಸಿದಿತ್ತು. ಬಾಕಿ ತೀರಿಸಲಾಗದೆ 1976ರಲ್ಲಿ ಉಳಿದ ಭೂಮಿಯೂ ಕೈಬಿಟ್ಟಿತು. ಮರುವರ್ಷ, 1977ರ ಮಾರ್ಚ್ 14ರಂದು ಹೇಮರ್ ನಿಧನರಾದರು. ವಯಸ್ಸು 59. ರೂಲ್‌ವಿಲ್‌ನಲ್ಲಿಯೇ ಅವರ ಸಮಾಧಿಯಿದೆ. 2012ರಲ್ಲಿ ಅದರ ಬಳಿ ಅವರ ಪ್ರತಿಮೆ ನಿಂತಿತು. 2025ರ ಜನವರಿಯಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವವಾದ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಮರಣೋತ್ತರವಾಗಿ ಸಂದಿತು.

ಮತ್ತೆ ಡೆಟ್ರಾಯಿಟ್

ಡೆಲ್ಟಾದಲ್ಲಿ ಕೆಲಸ ಕಳೆದುಕೊಂಡ ಕಪ್ಪು ಜನರಲ್ಲಿ ಅನೇಕರು ರೈಲು ಹತ್ತಿ ಷಿಕಾಗೋ, ಡೆಟ್ರಾಯಿಟ್ ಸೇರಿದ್ದರು. ಕಾರು ಕಾರ್ಖಾನೆಗಳು ಅವರಿಗೆ ಅನ್ನ ಕೊಟ್ಟವು. ಆ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದಾಗ ಡೆಟ್ರಾಯಿಟ್‌ನಲ್ಲಿ ಪಿಂಗ್ರಿ ಕಾಲದಂತೆ ಮತ್ತೆ ಖಾಲಿ ನಿವೇಶನಗಳು, ಖಾಲಿ ಹೊಟ್ಟೆಗಳು ಕಾಣಿಸಿಕೊಂಡವು.

ಆ ನಗರದಲ್ಲಿ ಕ್ಯಾಪುಚಿನ್ ಪಂಥದ ಕ್ರೈಸ್ತ ಸನ್ಯಾಸಿಗಳು 1929ರಿಂದ ಅನ್ನಛತ್ರವೊಂದನ್ನು ನಡೆಸುತ್ತ ಬಂದಿದ್ದಾರೆ. ಅದಕ್ಕೆ ತರಕಾರಿ ಒದಗಿಸಲೆಂದು 1997ರಲ್ಲಿ ಪಕ್ಕದ ನೆಲದಲ್ಲಿ ‘ಅರ್ಥ್‌ವರ್ಕ್ಸ್’ ಎಂಬ ಸಣ್ಣ ಕೈತೋಟ ಆರಂಭವಾಗಿ, ಕ್ರಮೇಣ ಹಲವು ನಿವೇಶನಗಳಿಗೆ ಹಬ್ಬಿತು. ಸ್ವಯಂಸೇವಕರು ಬಂದು ಸಸಿ ನೆಡುವುದು, ಕಳೆ ಕೀಳುವುದು, ಕೊಯ್ಲು ಮಾಡುವುದು, ತೊಳೆದು ಅಡುಗೆಮನೆಗೆ ಸಾಗಿಸುವುದು ಇಲ್ಲಿನ ಕ್ರಮ. ಕೆಲವು ವರ್ಷ ಕಳೆದ ಮೇಲೆ ನಡೆಸುವವರಿಗೆ ಒಂದು ಮಾತು ಹೊಳೆಯಿತು. ದುಡಿಯಲು ಬರುವವರು ಹೆಚ್ಚಾಗಿ ಹೊರಗಿನವರು, ಉಣ್ಣಲು ಬರುವವರು ನೆರೆಹೊರೆಯವರು. ಹಾಗಾಗಿ ನೆರೆಹೊರೆಯ ಜನರಿಗೇ ಬೇಸಾಯದ ತರಬೇತಿ ಕೊಡುವ ಕಾರ್ಯಕ್ರಮವನ್ನೂ ಸೇರಿಸಲಾಯಿತು.

ಅದೇ ನಗರದಲ್ಲಿ 2006ರಲ್ಲಿ ಆರಂಭವಾದ ‘ಡೆಟ್ರಾಯಿಟ್ ಬ್ಲ್ಯಾಕ್ ಕಮ್ಯೂನಿಟಿ ಫುಡ್ ಸೆಕ್ಯೂರಿಟಿ ನೆಟ್‌ವರ್ಕ್’ ಎಂಬ ಸಂಘಟನೆ ನಗರಸಭೆಯೊಂದಿಗೆ ಒಪ್ಪಂದ ಮಾಡಿಕೊಂಡು ರೂಜ್ ಉದ್ಯಾನದಲ್ಲಿ ‘ಡಿ-ಟೌನ್’ ಎಂಬ ಏಳು ಎಕರೆಯ ಹೊಲ ಕಟ್ಟಿತು. ಇಲ್ಲಿಯೂ ಸ್ವಯಂಸೇವಕರೇ ಆಧಾರ. ಆದರೆ ಬೆಳೆದದ್ದನ್ನು ದಾನವಾಗಿ ಹಂಚುವುದು ಅದರ ಮುಖ್ಯ ಗುರಿಯಲ್ಲ. ಕಪ್ಪು ಜನರು ತಮ್ಮ ಆಹಾರದ ಮೇಲೆ ತಾವೇ ಹಿಡಿತ ಸಾಧಿಸಬೇಕು ಎಂಬುದು ಗುರಿ. ಸಂಘಟನೆಯ ವರ್ಷಗಳ ಪ್ರಯತ್ನದ ಫಲವಾಗಿ 2024ರಲ್ಲಿ ನಗರದಲ್ಲಿ ಸಹಕಾರಿ ಆಹಾರ ಮಳಿಗೆಯೊಂದು ತೆರೆಯಿತು. ಇಂಥ ಹೊಲಗಳಲ್ಲಿ ಹೇಮರ್ ಹೆಸರು ಮತ್ತೆ ಕೇಳಿಬರುತ್ತಿರುವುದು ಸಹಜವೇ.

ಬಿಡುವಿನ ದಿನ ಹೊಲಕ್ಕೆ ಬಂದು ಬೆವರು ಸುರಿಸಿ, ಬೆಳೆದದ್ದನ್ನು ಹಸಿದವರಿಗೆ ಕೊಟ್ಟು ಹೋಗುವವರ ಸೇವೆ ಸಣ್ಣದಲ್ಲ. 1963ರ ಚಳಿಗಾಲದಲ್ಲಿ ಡೆಲ್ಟಾದ ಜನ ಉಳಿದದ್ದೇ ಅಂಥವರ ಸೇವೆಯಿಂದ. ಆದರೆ ಅದು ಎಷ್ಟು ದಿನ ನಿಂತೀತು ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ನೆಲ ಯಾರದು? ಎರಡು, ಉಣ್ಣುವವರಿಗೂ ಆ ಹೊಲದ ಆಗುಹೋಗುಗಳಲ್ಲಿ ಮಾತಿದೆಯೇ? ಪಿಂಗ್ರಿ ಮೊದಲನೆಯ ಪ್ರಶ್ನೆಗೆ ಉತ್ತರಿಸಲಿಲ್ಲ, ಹೊಲ ಉಳಿಯಲಿಲ್ಲ. ಹೇಮರ್ ಎರಡಕ್ಕೂ ಉತ್ತರ ಕೊಟ್ಟರು, ಆದರೆ ಆ ಉತ್ತರದ ಬೆಲೆಯನ್ನು ತೆರುವ ಶಕ್ತಿ ಡೆಲ್ಟಾದ ಬಡವರಿಗಿರಲಿಲ್ಲ.

ಅದೇ ಕೌಂಟಿಯಲ್ಲಿ ಹತ್ತಿಯ ಧಣಿಗಳಿಗೆ ಬೆಳೆಯದ ಬೆಳೆಗೂ ಸರ್ಕಾರದ ಹಣ ಬರುತ್ತಿತ್ತು. ಹಸಿದವರಿಗಾಗಿ ಬೆಳೆದ ಹೊಲ ಮಾತ್ರ ಕಂತಿನ ಹಣವಿಲ್ಲದೆ ಹೋಯಿತು. ಫ್ರೀಡಂ ಫಾರ್ಮ್ ಸೋತಿತು ಎಂದು ಬರೆಯುವಾಗ ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಬರೆಯುವುದು ನ್ಯಾಯ.